ಜಿಪ್ಪಿ ನಗದ ದಿನ

ಓಹಾಯೋ ನದಿ ದಂಡೆಯ ನಮ್ಮ ಊರಲ್ಲಿ ಜಿಪ್ಪಿಯ ಮಾತೆಂದರೆ ಪಾದ್ರಿಯ ಮಾತಿಗಿಂತ ಒಂದು ತೂಕ ಹೆಚ್ಚು. ಬಲ್ಬಿನ ಹೊಟ್ಟೆ, ಪ್ಲಗ್ಗಿನ ಬಾಲ, ಕೆಂಪು ಬೂಟು, ಕಿವಿಯಿಂದ ಕಿವಿಗೆ ಹರಡಿದ ನಗು. ವಿದ್ಯುತ್ ಕಂಪನಿಯವರು ಒಲೆ, ಫ್ರಿಜ್ಜು ಮಾರಲೆಂದು ಬರೆಸಿದ ಗೊಂಬೆ ಅದು. ನದಿಯ ಮೇಲ್ಗಡೆ ಅಣು ಸ್ಥಾವರ ಎದ್ದ ವರ್ಷ ಅದರ ಸೊಂಟಕ್ಕೆ ಅಣುವಿನ ಚಿತ್ರದಲ್ಲಿರುವಂಥ ಮೂರು ಬಳೆ ಸುತ್ತಿ, ಅಣು ವಿದ್ಯುತ್ತಿನ ಪ್ರಚಾರಕ್ಕೂ ಇವನೇ ಎಂದರು. ನಗು ಮಾತ್ರ ಹಳೆಯದೇ.

ಆ ನಗು ನನ್ನದು. ಹದಿನೇಳು ವರ್ಷ ಊರಿನ ರೇಡಿಯೋದಲ್ಲಿ ಜಿಪ್ಪಿಯ ದನಿಯಾಗಿ ಹೊಟ್ಟೆ ಹೊರೆದ ವರ್ನಾ ನಾನೇ. ಹಿಮ ಬಿದ್ದ ಬೆಳಿಗ್ಗೆ ಯಾವ ಬೀದಿಗೆ ಕರೆಂಟಿಲ್ಲ, ಯಾವ ಶಾಲೆಗೆ ರಜೆ ಎಂದು ಜಿಪ್ಪಿಯೇ ಹೇಳಬೇಕು. ಕೊನೆಗೆ "ಹೀ ಹೀ ಹೋ" ಎಂದು ನಗಬೇಕು. ಅದನ್ನು ಕೇಳುವ ತನಕ ತಾಯಂದಿರು ಮಕ್ಕಳಿಗೆ ಕೋಟು ತೊಡಿಸುತ್ತಿರಲಿಲ್ಲ. ದನಿ ಯಾರದೆಂದು ಬಾಯಿಬಿಡಬಾರದೆಂಬುದು ಕಂಪನಿಯ ಕಟ್ಟಪ್ಪಣೆ. ಗೊತ್ತಿದ್ದದ್ದು ನನ್ನ ತಂಗಿ ಡೆಲ್ಲಾ ಮತ್ತು ಅವಳ ಗಂಡ ರಾಯ್ಸ್, ಇಬ್ಬರಿಗೇ.

ಡೆಲ್ಲಾ ಎರಡು ಸಲ ಬಸಿರು ಕಳೆದುಕೊಂಡವಳು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಮೂರನೆಯದು ನಿಂತು, ಆ ವಸಂತಕ್ಕೆ ಏಳು ತಿಂಗಳು ತುಂಬಿತ್ತು. ಅವಳ ಮನೆ ಸ್ಥಾವರದಿಂದ ಎರಡೇ ಮೈಲಿ.

ಏಪ್ರಿಲ್‌ನ ಒಂದು ಬುಧವಾರ ಬೆಳಕು ಹರಿಯುವಾಗ ಸ್ಥಾವರದ ಸೈರನ್ ಕೂಗಿ ಕೂಗಿ ನಿಂತಿತು. ಎಂಟಕ್ಕೆ ಮುಂಚೆಯೇ ನನ್ನನ್ನು ರೇಡಿಯೋ ಕೇಂದ್ರಕ್ಕೆ ಕರೆಸಿದರು. ಕಂಪನಿಯ ಪ್ರಚಾರದ ಮ್ಯಾನೇಜರ್ ಸ್ಟಾಡ್ಲರ್ ನನ್ನ ಕೈಗೆ ಒಂದು ಹಾಳೆ ಕೊಟ್ಟ. ಸಣ್ಣ ದುರಸ್ತಿ ನಡೆದಿದೆ, ಹೊರಗೆ ಏನೂ ಸೋರಿಲ್ಲ, ಯಾರೂ ಊರು ಬಿಡಬೇಕಾಗಿಲ್ಲ ಎಂದು ಅದರಲ್ಲಿತ್ತು.

"ಇದು ನಿಜಾನಾ?" ಎಂದೆ.

"ಜಿಪ್ಪಿ ಯಾವತ್ತಾದ್ರೂ ಸುಳ್ಳು ಹೇಳಿದ್ದುಂಟಾ?" ಎಂದು ಹಲ್ಲು ಕಿರಿದ.

ಕಿಟಕಿಯಾಚೆ ಅವನ ಕಾರು ನಿಂತಿತ್ತು, ಎಂಜಿನ್ ಆರಿಸಿರಲಿಲ್ಲ. ಮೇಲೆ ಸೂಟ್‌ಕೇಸುಗಳನ್ನು ಬಿಗಿದಿದ್ದರು. ಹೆಂಡತಿ ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದಳು.

"ನಿಮ್ಮ ಮನೆಯವ್ರು ಎಲ್ಲಿಗೆ ಹೊರಟ್ರು?"

"ನಮ್ಮತ್ತೆ ಮನೆಗೆ. ಅವರಿಗೆ ಹುಷಾರಿಲ್ವಂತೆ."

"ಅಬ್ಬಾ, ನಾಯಿಗೂ ನಿಮ್ಮತ್ತೆ ಅಂದ್ರೆ ಅಷ್ಟು ಪ್ರೀತೀನಾ?"

ಅವನ ಮುಖ ಕಪ್ಪಿಟ್ಟಿತು. "ನೋಡು ವರ್ನಾ, ಊರಿಗಿರೋದು ಒಂದೇ ಸೇತುವೆ. ನೀನು ಹೆದರಿಸಿದ್ರೆ ಜನ ಅದರ ಮೇಲೇ ತುಳಿದಾಡಿ ಸಾಯ್ತಾರೆ. ಆ ಪಾಪ ನಿಂಗ್ಯಾಕೆ? ಸುಮ್ನೆ ಓದು."

ಡೆಲ್ಲಾಳಿಗೆ ಫೋನ್ ಮಾಡಿದೆ. ಊರಿಗೆ ಊರೇ ಫೋನ್ ಹಿಡಿದು ಕೂತಿತ್ತು, ಲೈನ್ ಸಿಗಲಿಲ್ಲ. ಅಷ್ಟರಲ್ಲಿ ಮೈಕಿನ ಕೆಂಪು ದೀಪ ಹತ್ತಿತು. ಎದುರಿಗಿಟ್ಟದ್ದನ್ನು ಓದುವುದೊಂದೇ ಗೊತ್ತಿದ್ದ ನಾಲಿಗೆ ನನ್ನದು, ಓದಿಬಿಟ್ಟಿತು. ಕೊನೆಯಲ್ಲಿ ಮಾತ್ರ ನಗಲಿಲ್ಲ. ಹದಿನೇಳು ವರ್ಷದಲ್ಲಿ ಅದೇ ಮೊದಲು. ಜಿಪ್ಪಿ ನಗದಿದ್ದರೆ ಏನೋ ಕೆಟ್ಟಿದೆಯೆಂದು ಒಡಹುಟ್ಟಿದವಳಿಗೆ ಹೊಳೆಯದೇ ಇರುತ್ತದೆಯೇ ಎಂದುಕೊಂಡೆ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

"ನಗು ಎಲ್ಲಿ ಹೋಯ್ತು?" ಎಂದ ಸ್ಟಾಡ್ಲರ್.

"ಗಂಟಲು ಕಟ್ಟಿದೆ" ಎಂದೆ.

ಅರ್ಧ ಗಂಟೆಗೊಮ್ಮೆ ಅದನ್ನೇ ಓದಿಸಿದರು, ಸಂಜೆ ಐದರವರೆಗೆ. ಎದ್ದು ಹೋಗಬಹುದಿತ್ತು. ಬಾಗಿಲಿಗೆ ಬೀಗವೇನೂ ಇರಲಿಲ್ಲ. ಯಾಕೆ ಏಳಲಿಲ್ಲ ಎಂದು ಈಗಲೂ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ಹೇಡಿ ಎಂಬುದರ ಹೊರತು ಬೇರೆ ಉತ್ತರ ಸಿಕ್ಕಿಲ್ಲ.

ಐದೂವರೆಗೆ ಡೆಲ್ಲಾಳ ಮನೆ ತಲುಪಿದೆ. ಆ ವರ್ಷದ ಮೊದಲ ಬೆಚ್ಚನೆಯ ದಿನ. ಕಿಟಕಿಗಳೆಲ್ಲ ತೆರೆದಿದ್ದವು. ಒಗೆದ ದುಪ್ಪಟಿಗಳು ಹಿತ್ತಲಿನ ತಂತಿಯ ಮೇಲೆ ಗಾಳಿಗೆ ಹಾರಾಡುತ್ತಿದ್ದವು. ಅವಳು ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತಿದ್ದಳು.

"ಬಾರೇ, ಗಂಟಲು ಹೇಗಿದೆ?"

"ನೀವು ಹೊರಡಲಿಲ್ವಾ?"

"ಬೆಳಿಗ್ಗೆ ಹೊರಟೇಬಿಟ್ಟಿದ್ವಿ ಕಣೇ. ರಾಯ್ಸ್ ಕಾರು ಸ್ಟಾರ್ಟ್ ಮಾಡಿದ್ದ. ಅಷ್ಟೊತ್ತಿಗೆ ರೇಡಿಯೋದಲ್ಲಿ ನಿನ್ನ ದನಿ ಬಂತು. ಕಾರು ಆರಿಸು, ನಮ್ಮಕ್ಕ ನಂಗೆ ಸುಳ್ಳು ಹೇಳಲ್ಲ ಅಂದೆ."

"ನಾನು ನಗಲಿಲ್ಲ ಡೆಲ್ಲಾ. ನೀನು ಗಮನಿಸಲಿಲ್ವಾ?"

"ಗಮನಿಸ್ದೆ. ಪಾಪ, ಶೀತ ಆಗಿದೆ ಅಂದ್ಕೊಂಡೆ. ನಿಂಗೇ ಅಂತ ಕೋಳಿ ಸೂಪ್ ಮಾಡ್ತಿದೀನಿ."

ಆಮೇಲೆ ಅವಳು ನನ್ನ ಮುಖ ನೋಡಿದಳು. ಸೌಟು ಕೆಳಗಿಟ್ಟು, ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು, ರಾಯ್ಸ್‌ನನ್ನು ಕೂಗಿದಳು. ಕಾಲು ಗಂಟೆಯಲ್ಲಿ ಅವರು ಸೇತುವೆ ದಾಟಿದರು. ಮಾರನೆಯ ದಿನ ಸರ್ಕಾರದವರು, ಬಸುರಿಯರು ಊರು ಬಿಡುವುದು ಒಳ್ಳೆಯದು ಎಂದರು. ಅದನ್ನು ಓದಲು ಜಿಪ್ಪಿಯನ್ನು ಕರೆಯಲಿಲ್ಲ. ಕರೆದಿದ್ದರೂ ನಾನು ಹೋಗುತ್ತಿರಲಿಲ್ಲ, ಕೆಲಸ ಬಿಟ್ಟಾಗಿತ್ತು. ಮಾತು ಆಡಿದರೆ ಹೋಯಿತು. ಕೆಲಸ ಬಿಟ್ಟು ಏನು ಬಂತು?

ಹೆಣ್ಣು ಮಗು ಹುಟ್ಟಿತು, ನೆಟ್ಟಗೇ ಇದೆ. ಮುಂದೆ ಏನಾದರೂ ಆದೀತೇ ಎಂದು ಕೇಳಿದರೆ ಡಾಕ್ಟರು ಹೇಳಲಾಗದು ಎನ್ನುತ್ತಾರೆ. ಅವಳಿಗೀಗ ಆರು ವರ್ಷ. ಡೆಲ್ಲಾ ಆ ದಿನದ ಬಗ್ಗೆ ಒಂದು ದಿನವೂ ನನ್ನನ್ನು ಬೈದಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಹೋದ ಭಾನುವಾರ ಮಗುವಿಗೆ ಜ್ವರ ಎಂದು ನೋಡಲು ಹೋಗಿದ್ದೆ. ಹಾಸಿಗೆಯ ಪಕ್ಕ ಕೂತು ಹಣೆ ಮುಟ್ಟಿ, "ಏನಿಲ್ಲ ಕಣೇ, ಜ್ವರ ಬಿಟ್ಟಿದೆ" ಎಂದೆ. ನಿಜವಾಗಿಯೂ ಬಿಟ್ಟಿತ್ತು.

ಡೆಲ್ಲಾ ನನ್ನ ಕೈಯನ್ನು ಮೆಲ್ಲಗೆ ಸರಿಸಿ ತನ್ನ ಕೈ ಇಟ್ಟು ನೋಡಿದಳು. ಆಮೇಲೆ ಥರ್ಮಾಮೀಟರ್ ತರಲು ಒಳಗೆ ಹೋದಳು.