ಆಮಿ ಕಾರಿನ ಎಂಜಿನ್ ಇಳಿಸಿದ್ದು

ಇಸ್ಮಾಯಿಲಸಾಬ ಉಸ್ತಾದರ ಗ್ಯಾರೇಜು ರಾಣೆಬೆನ್ನೂರಿನಲ್ಲಿ ಒಂದು ಏರಿನ ತುದಿಗಿದೆ. ಕೆಟ್ಟ ಗಾಡಿ ನೂಕಿಕೊಂಡು ಬರುವವರು ಅರ್ಧ ಏರಿಗೇ ಉಸ್ತಾದರನ್ನು ಬೈಯಲು ಶುರುಮಾಡುತ್ತಾರೆ, ಮೇಲೆ ಮುಟ್ಟಿದ ಮೇಲೆ ನೀರು ಕುಡಿದು ಸುಮ್ಮನಾಗುತ್ತಾರೆ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟು ಅಲ್ಲಿ ಸೇರಿದ ನಾನು ನೀರು ಕುಡಿದ ಮೇಲೂ ಬೈಯುತ್ತಿದ್ದೆ, ಮನಸ್ಸಿನೊಳಗೆ. ಅಷ್ಟು ವರ್ಷವಾದರೂ ಆ ಮನುಷ್ಯ ಒಂದು ಎಂಜಿನ್ ಪೂರ್ತಿ ನನ್ನ ಕೈಗೆ ಬಿಟ್ಟಿರಲಿಲ್ಲ. "ಚೇತ್ಯಾ, ನಿನ್ನ ಕೈ ಚಲೋ ಐತಿ. ತಲಿ ಮಾತ್ರ ಕಾದ ಸೈಲೆನ್ಸರ್," ಅನ್ನುತ್ತಿದ್ದರು. ಅಂದಕೂಡಲೇ ತಲೆ ಇನ್ನಷ್ಟು ಕಾಯುತ್ತಿತ್ತು.

ಮಾನೌಮಿ ಹಬ್ಬ ಹತ್ತಿರ ಬಂದಾಗ ಹಾವೇರಿಯ ಸಿದ್ದಲಿಂಗಪ್ಪ ವಕೀಲರು ತಮ್ಮ ಕಾರು ತಂದರು. ಅವರಪ್ಪನ ಕಾಲದ್ದು, ಪರದೇಶದ ಮಾಲು, ಆಮೆಯ ಬೆನ್ನಿನಂಥ ಮೈ. ಅದಕ್ಕೆ ಎಲ್ಲರೂ ಆಮಿ ಕಾರು ಅಂತಲೇ ಅನ್ನುತ್ತಿದ್ದರು. ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಕ್ಲಚ್ ಪ್ಲೇಟು ಸವೆದು ಹೋಗಿತ್ತು. ಅದನ್ನು ಬದಲಿಸಬೇಕೆಂದರೆ ಎಂಜಿನ್ನನ್ನೇ ಕೆಳಗಿಳಿಸಬೇಕು.

"ದೀಪಾವಳಿ ಆದಮ್ಯಾಲೆ ನೋಡೂಣ್ರಿ ವಕೀಲ್ರ. ಬೀಜದ ಕಂಪನಿ ಟೆಂಪೋ ಸಾಲು ಹಚ್ಚಿ ನಿಂತಾವು," ಎಂದರು ಉಸ್ತಾದ್.

"ವರ್ಷಾ ದಸರಾಕ ಬನ್ನಿ ಕೊಡಾಕ ಈ ಊರಾಗಿನ ಮಾವನ ಮನಿಗೆ ಇದರಾಗ ಬರತೇನಿ ಇಸ್ಮಾಯಿಲ. ಬಸ್ಸಿನ್ಯಾಗ ಬಂದ್ರ ನಮ್ಮ ಮಾವ ಮುಂದಿನ ಬನ್ನಿತನಕ ನಗತಾನ."

"ನಾ ಮಾಡಿಕೊಡತೇನ್ರಿ," ಅಂದೆ ನಾನು.

ಉಸ್ತಾದ್ ನನ್ನ ಕಡೆ ತಿರುಗಿದರು. "ಎಲ್ಲಿ ಮಾಡ್ತಿ?"

"ಬ್ಯಾಡಗ್ಯಾಗ. ನಮ್ಮನಿ ಶೆಡ್ಡಿನ್ಯಾಗ."

"ಆ ಎಂಜಿನ್ ಹೆಂಗ ಇಳೀತೈತಿ ಗೊತ್ತೈತೇನು?"

"ನೀವು ಇಳಸೂದು ನೋಡೇನ್ರಿ."

"ನಾ ಇಳಸೂ ಮುಂದ ನೀ ಚಾ ತರಾಕ ಹೋಗಿದ್ದಿ."

ಉಸ್ತಾದರ ಮಗ ಅನೀಸ ಹಲ್ಲು ಕಿರಿದ. ಆ ಹಲ್ಲೇ ಕೆಲಸ ಕೆಡಿಸಿತು. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಒಗೆದು, ಇವತ್ತಿಗೆ ನಿಮ್ಮ ಗ್ಯಾರೇಜ್ ಬಿಟ್ಟೆ, ನನ್ನದೇ ಸ್ವಂತ ತೆಗೆಯುತ್ತೇನೆ ಅಂದುಬಿಟ್ಟೆ. ಒಗೆದ ಪಾನಾ ನನ್ನದೇ ಆಗಿತ್ತು, ಆಮೇಲೆ ಬಗ್ಗಿ ಎತ್ತಿಕೊಳ್ಳಬೇಕಾಯಿತು.

ಉಸ್ತಾದ್ ಬೀಡಿಯನ್ನು ಕಿವಿಯ ಸಂದಿಗೆ ಸಿಗಿಸಿದರು. "ಆತು. ಬನ್ನಿ ದಿನ ದೀಪ ಹಚ್ಚೂದ್ರೊಳಗ ಈ ಗಾಡಿ, ಯಾರೂ ನೂಕದ, ಈ ಏರು ಹತ್ತಿ ನನ್ನ ಬಾಗಲಕ ಬರಬೇಕು. ಬಂತೋ, ನಿನ್ನ ಗ್ಯಾರೇಜಿಗೆ ಕಾಯಿ ನಾನ ಒಡೀತೇನಿ. ಬರಲಿಲ್ಲೋ, ಮರುದಿನ ಬಂದು ಅನೀಸನ ಕೈಕೆಳಗ ಪಂಚರ್ ತಿದ್ದಬೇಕು."

ಅನೀಸನ ಕೈಕೆಳಗೆ ಪಂಚರ್. ಅದಕ್ಕಿಂತ ಗಳಗನಾಥಕ್ಕೆ ಹೋಗಿ ಹೊಳೆಯಲ್ಲಿ ಯಾರದಾದರೂ ಎಮ್ಮೆ ತೊಳೆದುಕೊಂಡಿರುವುದು ಮೇಲು.

ಮೆಣಸಿನಕಾಯಿ ಇಳಿಸಿ ನಮ್ಮೂರಿಗೆ ಖಾಲಿ ಮರಳುತ್ತಿದ್ದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಬ್ಯಾಡಗಿಗೆ ಎಳೆಸಿಕೊಂಡು ಬಂದೆ. ನಮ್ಮ ಶೆಡ್ಡಿನಲ್ಲಿ ಮೊದಲು ಅಡತಿ ವ್ಯಾಪಾರದವರು ಮೆಣಸಿನಕಾಯಿ ಚೀಲ ಇಡುತ್ತಿದ್ದರು. ಚೀಲ ಹೋಗಿದ್ದವು, ಘಾಟು ಹೋಗಿರಲಿಲ್ಲ. ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಸೀನು ಬರುವುದಿಲ್ಲ ಅನ್ನುವವರು ಆ ಕಾರಿನ ಕೆಳಗೆ ಅಂಗಾತ ಮಲಗಿ ನೋಡಬೇಕು. ಒಂದು ನಟ್ಟಿಗೆ ಒಂದು ಸೀನು, ಒಂದು ಸೀನಿಗೆ ಹಣೆ ಒಮ್ಮೆ ಸೈಲೆನ್ಸರಿಗೆ ಬಡಿಯುವುದು. ವೈರು ಬಿಚ್ಚಿದೆ, ಪೆಟ್ರೋಲಿನ ಪೈಪು ಕಿತ್ತು ಬಾಯಿಗೆ ಪೆನ್ಸಿಲ್ ತುರುಕಿದೆ, ಎಕ್ಸಲೇಟರ್ ವೈರು ಎಳೆದೆ.

ಮಗ್ಗುಲ ಮನೆಯ ಫಕ್ಕೀರಪ್ಪ ಕಾಕಾ ಮೆಣಸಿನಕಾಯಿ ಪ್ಯಾಟಿಯಲ್ಲಿ ಚೀಲ ಹೊರುವ ಹಮಾಲ. ಸಂಜೆ ಹೆಗಲ ಮೇಲೆ ಕೊಕ್ಕೆ ನೇತುಹಾಕಿಕೊಂಡು ಬಂದು ನೋಡಿದ. "ಗಾಡಿ ಮುಂದ ಎತ್ತು ಕಟ್ಟತಾರ. ಇವರ ನೋಡು, ಗಾಡಿ ಹಿಂದ ಕಟ್ಟ್ಯಾರ. ಎತ್ತಿಗಾದ್ರೂ ಹೇಳ್ಯಾರೋ ಇಲ್ಲೋ."

"ಕಾಕಾ, ಸುಮ್ನ ಹೋಗು."

"ಹೊಕ್ಕೇನಿ ಬಿಡಪಾ. ನಿನ್ನ ಸಿಟ್ಟಿನ ಮುಂದ ಈ ಶೆಡ್ಡಿನ ಘಾಟ ಕಡಿಮಿ."

ಬನ್ನಿಗೆ ಒಂದು ದಿನ ಮೊದಲು, ಮಾನೌಮಿಯ ಬೆಳಿಗ್ಗೆ, ಬರೀ ನಾಲ್ಕು ಬೋಲ್ಟು ಉಳಿದಿದ್ದವು. ಎಂಜಿನ್ ಕೆಳಗೆ ಜಾಕು ಕೊಟ್ಟು ಮೂರನ್ನು ತೆಗೆದೆ. ನಾಲ್ಕನೆಯದನ್ನು ಸಡಿಲ ಮಾಡಿ, ಹಾವೇರಿಯ ಬಸ್ಸು ಹೊರಡುವ ಹೊತ್ತಾಯಿತೆಂದು ಅಷ್ಟಕ್ಕೇ ಬಿಟ್ಟು ಓಡಿದೆ. ವಕೀಲರು ಮುಂಬೈಯಿಂದ ತರಿಸಿಟ್ಟ ಹೊಸ ಪ್ಲೇಟು ಅವರ ಮನೆಯಲ್ಲಿತ್ತು. ಹೈವೇ ಅಗಲ ಮಾಡುವ ಕೆಲಸ ನಡೆದು, ದಾರಿಯುದ್ದ ಮಣ್ಣು. ವಾಪಸು ಬರುವಷ್ಟರಲ್ಲಿ ಮಧ್ಯಾಹ್ನ ಹೊರಳಿತ್ತು. ಶೆಡ್ಡಿಗೆ ಹೋದರೆ ಎಂಜಿನ್ ಅದೇ ಜಾಕಿನ ಮೇಲೆ ಕೂತಿದೆ, ಪಕ್ಕದಲ್ಲಿ ಒಂದೇ ಒಂದು ಪಾನಾ ಇಲ್ಲ.

ಎಲ್ಲ ದೇವರ ಜಗುಲಿಯ ಮುಂದಿದ್ದವು. ನಮ್ಮವ್ವ ಹೊನ್ನವ್ವ ಅವನ್ನು ಸೀಗೆಕಾಯಿ ಹಾಕಿ ತಿಕ್ಕಿ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿ, ಕುಡಗೋಲು ಈಳಿಗೆಮಣೆಗಳ ಪಕ್ಕದಲ್ಲಿ ಮಲಗಿಸಿದ್ದಳು. ಖಂಡೇಪೂಜೆ, ಅಂದರೆ ಆಯುಧಪೂಜೆ. ಉಸ್ತಾದರ ಗ್ಯಾರೇಜಿನಲ್ಲೂ ಪ್ರತಿ ವರ್ಷ ಆಗುತ್ತಿತ್ತು, ಆದರೆ ಕೆಲಸ ಮುಗಿದ ಮೇಲೆ, ಸಂಜೆ. ಮನೆಯಲ್ಲಿ ಬೆಳಿಗ್ಗೆಯೇ ಆಗುತ್ತದೆಂಬುದು ನನ್ನ ತಲೆಗೇ ಬಂದಿರಲಿಲ್ಲ.

"ಯವ್ವಾ, ಒಂದ ಪಾನಾ ತಗೋತೇನಿ."

"ಮುಟ್ಟಬ್ಯಾಡ. ನಾಳೆ ಮುಂಜಾನೆ ಪೂಜಿ ಎಬ್ಬಸೂತನಕ ಏನೂ ಮುಟ್ಟಂಗಿಲ್ಲ."

"ನಾಳೆ ಸಂಜಿಕ ಗಾಡಿ ರಾಣೆಬೆನ್ನೂರಾಗ ಇರಬೇಕು. ಇಲ್ಲಂದ್ರ ಆ ಅನೀಸನ ಕೈಕೆಳಗ ನಾ..."

"ಅದಕ್ಕ ಪೂಜಿ ಮಾಡೇನಿ. ಕೈಯಾಗ ಏನದು? ಹೊಸಾದ? ಕೊಡಿಲ್ಲೆ, ಅದನ್ನೂ ಇಡತೇನಿ."

ಸಿಟ್ಟಿನಲ್ಲಿ ಪ್ಲೇಟನ್ನು ಅವಳ ಕೈಗೆ ಕುಕ್ಕಿ ಹೊರಬಂದೆ. ಅಂಗಳದಲ್ಲಿ ಫಕ್ಕೀರಪ್ಪ ಕಾಕಾ ತನ್ನ ಕೊಕ್ಕೆಯನ್ನೂ ಪೂಜೆಗಿಟ್ಟು ಬರಿ ಹೆಗಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಹಂಗ್ಯಾಕ ಉರೀತಿ ಅಂದ. ಹೇಳಿದೆ.

"ಪಾನಾ ಪೂಜಿಗೆ ಕುಂತಾವು. ಕೈ ಕುಂತಾವೇನು?"

ಶೆಡ್ಡಿಗೆ ಹೋಗಿ ನಾಲ್ಕನೆಯ ಬೋಲ್ಟಿಗೆ ಬೆರಳು ಹಾಕಿದೆ. ಬೆಳಿಗ್ಗೆ ಸಡಿಲ ಮಾಡಿದ್ದು, ಸೀನುತ್ತ ಸೀನುತ್ತ ಕೈಯಲ್ಲೇ ತಿರುಗಿ ಬಂತು. ಕಾಕಾ ತನ್ನ ಗುಂಪಿನ ಹಮಾಲರನ್ನು ಕರೆತಂದ. ಹೊಸ ಧೋತ್ರ ಉಟ್ಟಿದ್ದರು, ಅದನ್ನೇ ಮೇಲೆ ಕಟ್ಟಿದರು. ಇಬ್ಬರು ಎಂಜಿನ್ ಹಿಡಿದು ಮೆಲ್ಲಗೆ ಹಿಂದಕ್ಕೆ ಅಲುಗಿಸಿದರು. ಗೇರ್‌ಬಾಕ್ಸಿನ ಶಾಫ್ಟಿನಿಂದ ಅದು ಕಳಚಿಕೊಂಡಿತು. ನಾನು ಜಾಕು ಇಳಿಸಿ ಎಂಜಿನ್ನನ್ನು ಹಳೇ ಟೈರಿನ ಮೇಲೆ ಕೂರಿಸಿದೆ. ಉಳಿದವರು ಕಾರಿನ ಹಿಂಭಾಗಕ್ಕೆ ಹೆಗಲು ಕೊಟ್ಟರು. ಚೀಲ ಎತ್ತುವಾಗ ಕೂಗುವ ಅದೇ ಸೊಲ್ಲು ಕೂಗಿ ಎತ್ತಿದರು. ಆಮೆ ಹಿಂಗಾಲು ಎತ್ತಿ ನಿಂತಂತೆ ಕಾರು ನಿಂತಿತು. ನಾನು ಟೈರಿಗೆ ಹಗ್ಗ ಹಾಕಿ ಎಂಜಿನ್ನನ್ನು ಅದರ ಕೆಳಗಿಂದ ಅಂಗಳಕ್ಕೆ ಎಳೆದೆ.

ಉಸ್ತಾದ್ ನೋಡಬೇಕಿತ್ತು. ಅನೀಸನಂತೂ ನೋಡಲೇಬೇಕಿತ್ತು. ನೋಡಿದವಳು ಅವ್ವ. ಕುಂಕುಮದ ಬಟ್ಟಲು ಹಿಡಿದು ಬಂದು ಎಂಜಿನ್ನಿಗೂ ಹಚ್ಚಿದಳು. ಹಮಾಲರಿಗೆಲ್ಲ ಕರಿಗಡಬು ಕೊಟ್ಟಳು.

ಮರುದಿನ ಪೂಜೆ ಎಬ್ಬಿಸಿದ ಕೂಡಲೇ ಜಗುಲಿಗೆ ಹೋದೆ. ಪಾನಾ ಎಲ್ಲ ಸರಿಯಿದ್ದವು. ಕ್ಲಚ್ ಪ್ಲೇಟಿನ ಮುಖದ ಮೇಲೆ ಕುಂಕುಮದ ದೊಡ್ಡ ಬೊಟ್ಟುಗಳಿದ್ದವು. ಅವು ಒಣಗಿ ಉದುರದಿರಲಿ ಅಂತ ಅವ್ವ ಕುಸುಬಿ ಎಣ್ಣೆಯಲ್ಲಿ ಕಲೆಸಿ ಹಚ್ಚಿದ್ದಳು. ಸುತ್ತಲೂ ಎಣ್ಣೆ ಹೀರಿ ಪ್ಲೇಟು ಕಪ್ಪಗೆ ಹೊಳೆಯುತ್ತಿತ್ತು.

"ಯವ್ವಾ, ಇದಕ್ಕ ಎಣ್ಣಿ ಹಚ್ಚೀದಿ."

"ಹೌದು. ಯಾವ ಯಂತ್ರಕ್ಕ ಎಣ್ಣಿ ಹಚ್ಚೂದಿಲ್ಲ? ನೀನ ದಿನಾ ಮೈತುಂಬ ಹಚಗೊಂಡು ಬರತಿ."

"ಇದೊಂದಕ್ಕ ಹತ್ತಬಾರದು. ಎಣ್ಣಿ ಹತ್ತಿದ್ರ ಜಾರತೈತಿ. ಎಂಜಿನ್ ತಿರಗತೈತಿ, ಗಾಡಿ ಹೋಗೂದಿಲ್ಲ."

"ಇದೊಂದಕ್ಕ ಹತ್ತಬಾರದು ಅಂತ ನಿನ್ನೆ ಹೇಳಬೇಕಿಲ್ಲೋ? ಬಡದಂಗ ಕೊಟ್ಟು ಹೋದಿ."

ನಾನು ಬಾಗಿಲಿಗೆ ಒದ್ದೆ. ಬಾಗಿಲಿಗೆ ಏನೂ ಆಗಲಿಲ್ಲ. ಪ್ಲೇಟನ್ನು ಪೆಟ್ರೋಲಿನಲ್ಲಿ ಅದ್ದಿ ತಿಕ್ಕಿದೆ. ಕುಂಕುಮ ಹೋಯಿತು, ಹೊಳಪು ಹೋಗಲಿಲ್ಲ. ಇಂಥ ಪ್ಲೇಟು ಹುಬ್ಬಳ್ಳಿಯಲ್ಲೂ ಸಿಗದು, ಬನ್ನಿ ದಿನ ಯಾವ ಅಂಗಡಿಯೂ ತೆರೆಯದು. ಪಂಚರ್ ಪಟ್ಟಿಯ ವಾಸನೆ ಆಗಲೇ ಮೂಗಿಗೆ ಬರತೊಡಗಿತು.

ಅವ್ವ ಪ್ಲೇಟು ಕಸಿದುಕೊಂಡಳು. "ಹಚ್ಚಿದಾಕಿ ನಾನು, ತಗಿಯಾಕಿನೂ ನಾನ. ಎಣ್ಣಿ ತಲಿ ಹೆಂಗ ತೊಳೀತಾರ?" ಬಿಸಿನೀರಿಗೆ ಸೀಗೆಪುಡಿ ಹಾಕಿ ಉಜ್ಜಿದಳು. ಆಮೇಲೆ ಒಲೆಯ ಮೇಲಿದ್ದ ರೊಟ್ಟಿ ಹಂಚಿನ ಮೇಲೆ ಅದನ್ನು ಹಾಕಿದಳು. ಕಾದಂತೆಲ್ಲ ಒಳಗಿನ ಎಣ್ಣೆ ಸಣ್ಣ ಸಣ್ಣ ಗುಳ್ಳೆಯಾಗಿ ಮೇಲೆ ಬಂತು. ಹಳೇ ಸೀರೆಯ ತುಂಡಿನಿಂದ ಒತ್ತಿ ಒರೆಸಿ, ರೊಟ್ಟಿಯಂತೆ ಹೊರಳಿಸಿ ಹಾಕಿ, ಮತ್ತೆ ಒರೆಸಿದಳು. ನಾನು ಪಕ್ಕದಲ್ಲಿ ನಿಂತು, ಹೊತ್ತೀತು, ಉರಿ ಸಣ್ಣ ಮಾಡು ಅನ್ನುತ್ತಿದ್ದೆ. "ನನಗ ರೊಟ್ಟಿ ಬೇಯಸೂದು ಕಲಸಬ್ಯಾಡ," ಅಂದಳು. ಕೊನೆಗೆ ಹೊಳಪು ಮಾಸಿತು. ಪೂರ್ತಿ ಅಲ್ಲ, ಮುಕ್ಕಾಲು.

ಮುಕ್ಕಾಲು ಸಾಕೆಂದು ಹಾಕಿದೆ. ಹಮಾಲರು ಮತ್ತೆ ಹೆಗಲು ಕೊಟ್ಟರು, ಎಂಜಿನ್ ಒಳಗೆ ಹೋಯಿತು. ನಾಲ್ಕೂ ಬೋಲ್ಟು ಬಿಗಿದೆ. ಕಿವಿಯೊಳಗೆ ಮೆಣಸಿನಕಾಯಿ ಬೀಜ ಹೊಕ್ಕಿತ್ತು, ತೆಗೆಯಲು ಪುರಸೊತ್ತಿರಲಿಲ್ಲ. ಹೊತ್ತು ಇಳಿಯುವಾಗ ಕಾರು ಚಾಲೂ ಆಯಿತು. ಉಸ್ತಾದರ ಹೆಂಡತಿ ಮುಮ್ತಾಜಬಿಗೆ ಬನ್ನಿ ಕೊಡಬೇಕೆಂದು ಅವ್ವ ಉಡಿಯಲ್ಲಿ ಬನ್ನಿ ಎಲೆ ಕಟ್ಟಿಕೊಂಡು ಹತ್ತಿ ಕೂತಳು.

ಸಪಾಟಾದ ದಾರಿಯಲ್ಲಿ ಆಮಿ ಕಾರು ಚಂದ ಓಡಿತು. ಮೋಟೆಬೆನ್ನೂರು ದಾಟಿ ಹೈವೇ ಹಿಡಿದಾಗ ಲಾರಿಯವರು ಹಾರ್ನ್ ಹೊಡೆದು ಕೈ ಮಾಡಿದರು. ಉಸ್ತಾದರಿಗೆ ಏನೇನು ಅನ್ನಬೇಕೆಂದು ನಾನು ದಾರಿಯುದ್ದ ಮಾತು ಜೋಡಿಸುತ್ತ ಬಂದೆ. ಒಂದಕ್ಕಿಂತ ಒಂದು ಖಾರ.

ಗ್ಯಾರೇಜಿನ ಏರಿನ ಮುಕ್ಕಾಲಿಗೆ ಬಂದಾಗ ಪ್ಲೇಟು ಜಾರಿತು. ಎಂಜಿನ್ ಒದರುತ್ತಿದೆ, ಕಾರು ನಿಂತಲ್ಲೇ ನಿಂತಿದೆ. ಮೇಲೆ ಬಾಗಿಲಲ್ಲಿ ಉಸ್ತಾದ್, ಅನೀಸ, ಕಾರಿಗಾಗಿ ಬಸ್ಸಿನಲ್ಲೇ ಬಂದು ಕಾಯುತ್ತಿದ್ದ, ಜರಿ ರುಮಾಲು ಸುತ್ತಿದ ವಕೀಲರು. ಅನೀಸ ತೋಳು ಏರಿಸಿಕೊಂಡು ಇಳಿದು ಬಂದ.

"ನೂಕ್ಲೇನೋ ಚೇತ್ಯಾ?"

"ಮುಟ್ಟಿದ್ರ ಕೈ ಮುರೀತೇನಿ."

"ಪಾಪ ಅಂತ ಕೇಳಿದೆ. ನಾಳೆ ಲಗೂ ಬಾ, ಸೈಕಲ್ ಪಂಚರ್ ಎರಡು ಬಂದಾವು."

ಗ್ಯಾರೇಜಿಗೆ ಹೊಂದಿದ ಉಸ್ತಾದರ ಮನೆಯಲ್ಲಿ ಮುಮ್ತಾಜಬಿ ಇನ್ನೂ ದೀಪ ಹಚ್ಚಿರಲಿಲ್ಲ, ಕಡ್ಡಿಪೆಟ್ಟಿಗೆ ಹುಡುಕುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಅವ್ವ ಕಾರಿನ ಬಾಗಿಲು ತೆಗೆದಳು. "ತಡಿ, ನಾ ಇಳೀತೇನಿ, ಭಾರ ಕಡಿಮಿ ಆಗಲಿ. ನೂಕಬಾರದು ಅಂದಾರ, ಇಳೀಬಾರದು ಅಂದಿಲ್ಲಲ್ಲ." ಇಳಿದು, ಸೆರಗು ಸರಿಮಾಡಿಕೊಂಡು, ಕಾರಿಗೆ ಕೈ ಹತ್ತದಷ್ಟು ದೂರ ನಿಂತಳು. ನಾನು ಹ್ಯಾಂಡ್‌ಬ್ರೇಕ್ ಬಿಟ್ಟು ಎಕ್ಸಲೇಟರನ್ನು ಕೂಸಿನ ಹೊಟ್ಟೆ ಒತ್ತಿದಂತೆ ಒತ್ತಿದೆ. ಕಾರು ಸ್ವಲ್ಪ ಯೋಚನೆ ಮಾಡಿತು. ಆಮೇಲೆ ಆಮೆಯ ಹಾಗೆಯೇ ಒಂದೊಂದೇ ಗೇಣು ಏರಿ, ಉಸ್ತಾದರ ಹೊಸ್ತಿಲಿಗೆ ಮೂಗು ತಾಗಿಸಿ ನಿಂತಿತು. ಹಿಂದೆ ಅವ್ವ ನಡೆದುಕೊಂಡು ಬಂದಳು. ಒಳಗೆ ದೀಪ ಹತ್ತಿತು.

ಉಸ್ತಾದ್ ಎಂಜಿನ್ನಿನ ಮುಚ್ಚಳ ಎತ್ತಿ ಮೂಸಿದರು. "ಕ್ಲಚ್ಚಿನ್ಯಾಗಿಂದ ರೊಟ್ಟಿ ವಾಸನಿ ಬರತೈತಲ್ಲೋ."

ನಾನು ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ. ಅವ್ವ ನಡೆದದ್ದೆಲ್ಲ ಹೇಳಿದಳು, ನಾನು ಬಾಗಿಲಿಗೆ ಒದ್ದದ್ದನ್ನೂ ಬಿಡಲಿಲ್ಲ. ಉಸ್ತಾದ್ ನಗಲಿಲ್ಲ. ಒಳಗಿನಿಂದ ಕಾಯಿ ತರಿಸಿ ಕಾರಿನ ಮುಂದೆ ಒಡೆದರು. "ಹೊನ್ನಕ್ಕ, ಇವನ ಗ್ಯಾರೇಜಿನ ಬೋರ್ಡಿನ ಮ್ಯಾಲೆ ನಿನ್ನ ಹೆಸರ ಬರಸು. ಅರ್ಧಾ ಕೆಲಸ ನಿಂದ."

"ಕೆಡಿಸಿದ್ದೂ ನಾನ ಅಲ್ಲಪಾ ಇಸ್ಮಾಯಿಲಣ್ಣ," ಅಂದು ಅವ್ವ ಬನ್ನಿ ಕೊಟ್ಟಳು. ನಾನೂ ಕೊಟ್ಟೆ, ಕಾಲು ಮುಟ್ಟಿದೆ. ಅನೀಸನಿಗೂ ಕೊಟ್ಟೆ, ಸ್ವಲ್ಪ ಜೋರಾಗಿ ಅಂಗೈಗೆ ಒತ್ತಿ.

ವಕೀಲರು ಕಾರಿನ ಸುತ್ತ ಒಂದು ಸುತ್ತು ಬಂದರು. "ಮಾವಗ ಬನ್ನಿ ಕೊಟ್ಟು ಇದರಾಗ ಹಾವೇರಿ ಮುಟ್ಟಬಹುದೇನೋ ಇಸ್ಮಾಯಿಲ?"

"ಮುಟ್ಟತೀರಿ. ಓಡಿದಂಗ ಉಳದ ಎಣ್ಣಿ ಸುಟ್ಟು ಹೋಗತೈತಿ. ಅಲ್ಲೀತನಕ ಈ ಮೆಕ್ಯಾನಿಕ್‌ನ ಸಂಗ್ತೀಲೆ ಕರಕೊಂಡು ಹೋಗ್ರಿ. ಏರು ಬಂದಾಗ ಅವನ್ನ ಇಳಸ್ರಿ."

ಹಾವೇರಿಯ ತನಕ ಎಷ್ಟು ಏರು ಇವೆ ಎನ್ನುವುದು ಕಾರಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.