ಟುಲ್ಲಿಯ ಎಂಟು ಹಿಡಿತ

ಸುಳ್ಳು ಗೀಟುಗಳು ಕಪ್ಪಗೆ ಬೀಳುತ್ತವೆ, ಇದನ್ನು ಯಾರಾದರೂ ಗಮನಿಸಿಬಿಟ್ಟರೆ — ಯಾರೂ ಗಮನಿಸುವುದಿಲ್ಲ, ಪೆನ್ಸಿಲ್ ಗೀಟಿನ ಬಣ್ಣವನ್ನು ಯಾರು ನೋಡುತ್ತಾರೆ, ಆದರೂ ನನಗೆ ಕಾಣುತ್ತದೆ, ನಡೆದದ್ದನ್ನು ಬರೆಯುವಾಗ ಕೈ ಹಗುರ, ಕಣ್ಣು ಮೈದಾನದ ಮೇಲೆ, ಬೆರಳು ತನ್ನ ಪಾಡಿಗೆ ಗೀಚಿಕೊಂಡು ಹೋಗುತ್ತದೆ, ನಡೆಯದೇ ಇದ್ದದ್ದನ್ನು ಬರೆಯುವಾಗ ಮಾತ್ರ ತಲೆ ತಗ್ಗಿಸಿ ಒತ್ತಿ ಎಳೆಯುತ್ತೇನೆ, ಒತ್ತಿದರೆ ನಿಜವಾದೀತು ಎಂಬಂತೆ. ಟುಲ್ಲಿಯ ಹೆಸರಿನ ಮುಂದೆ ಈಗ ಮೂರು ಗೀಟು, ಎರಡು ತೆಳು, ಒಂದು ಕಪ್ಪು. ಇವತ್ತೂ ಒಂದು ಹಾಕಿಬಿಟ್ಟೆ. ಇನ್ನು ಹಾಕುವುದಿಲ್ಲ ಎಂದು ಬೆಳಿಗ್ಗೆ ಡೈರಿಯಲ್ಲಿ ಬರೆದು, ಕೆಳಗೆ ಗೆರೆ ಕೂಡ ಎಳೆದು ಬಂದಿದ್ದೆ, ಆ ಗೆರೆಯನ್ನೂ ಒತ್ತಿಯೇ ಎಳೆದಿದ್ದೆ ಅನಿಸುತ್ತದೆ — ಸೈರನ್, ಆಟದ ಮೂರನೆಯ ಪಾಳಿ ಮುಗಿಯಿತು, ಇನ್ನು ಒಂದೇ ಪಾಳಿ, ಬೇಲಿಯ ಸುತ್ತ ನಿಂತ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಬಾರಿಸುತ್ತಿವೆ, ಈ ವರ್ಷ ಇಷ್ಟು ಹೊತ್ತು ಹಾರ್ನ್ ಕೇಳಿದ್ದೇ ಇಲ್ಲ, ಒಂಬತ್ತೇ ಅಂಕ ಹಿಂದೆ, ಗೋಲಿಗೆ ಆರು ಅಂಕ, ಎರಡು ಹೊಡೆದರೆ ನಮ್ಮೂರು ಟ್ಯಾರಿನ್ಯಾಕ್ ಗೆದ್ದಂತೆ, ಹನ್ನೆರಡು ಆಟ ಸಾಲಾಗಿ ಸೋತ ಟ್ಯಾರಿನ್ಯಾಕ್, ಮತ್ತು ನಾನು ಹಾಳೆ ಹಿಡಿದು ಏಳಬೇಕು, ಹೋಗಬೇಕು, ಕೋಚ್ ಕೇಳುತ್ತಾರೆ, ಎಷ್ಟಾಯ್ತು ಫ್ರಾನಿ. ಇಡೀ ವಾರದಲ್ಲಿ ಜನ ನನ್ನನ್ನು ಹೆಸರು ಹಿಡಿದು ಕರೆಯುವುದು ಆ ಒಂದು ಪ್ರಶ್ನೆಗೆ.

ಎಲ್ಲರೂ ಬೇಲಿ ದಾಟಿ ಮೈದಾನಕ್ಕೆ ಇಳಿಯುತ್ತಿದ್ದಾರೆ, ಹೆಂಗಸರು, ಮಕ್ಕಳು, ನಾಯಿಗಳು, ಕೈಯಲ್ಲಿ ಬಿಸಿ ಮಾಂಸದ ಪೈ ಹಿಡಿದ ಗಂಡಸರು, ಆಟಗಾರರ ಸುತ್ತ ಉಂಗುರ ಕಟ್ಟಿ ಕೋಚ್ ಬೈಯುವುದನ್ನು ಕೇಳುವುದಕ್ಕೆ, ನಗರದಲ್ಲಿ ಓದುತ್ತಿದ್ದಾಗ ಒಬ್ಬಳಿಗೆ ಇದನ್ನು ಹೇಳಿದರೆ ನಕ್ಕಿದ್ದಳು, ನಿಮ್ಮೂರಲ್ಲಿ ಆಟಗಾರರಿಗೆ ಬೈಗುಳ ತಿನ್ನೋಕೂ ಒಂದು ಮರೆ ಇಲ್ವಾ ಎಂದಿದ್ದಳು, ಇಲ್ಲ, ಇಲ್ಲಿ ಯಾವುದಕ್ಕೂ ಮರೆ ಇಲ್ಲ, ಅದಕ್ಕೇ ನಾನು ಡೈರಿಯನ್ನು ಅಕ್ಕಿ ಡಬ್ಬದ ಹಿಂದೆ ಇಡುವುದು, ಒಬ್ಬಳೇ ಇರುವ ಮನೆಯಲ್ಲಿ ಯಾರಿಂದ ಬಚ್ಚಿಡುತ್ತೇನೋ. ಹುಲ್ಲು ಒದ್ದೆ, ಬೂಟಿನೊಳಗೆ ತಣ್ಣಗೆ ಇಳಿಯುತ್ತಿದೆ. ಪಕ್ಕದಲ್ಲಿ ಮುದುಕ ಕ್ಲಾರಿ, ಅವನ ಕುಂಟು ನಾಯಿ, ಎಲ್ಲರಿಗೂ ಹೇಳುತ್ತಿದ್ದಾನೆ, ನೋಡಿದ್ರಾ, ನಾನು ಏಪ್ರಿಲ್ಲಿಂದ ಬಡ್ಕೋತಾ ಇದೀನಿ, ಮೈಮೇಲೆ ಬೀಳಬೇಕು ಕಣ್ರೋ, ಚೆಂಡಿನ ಹಿಂದೆ ಓಡಿದ್ರೆ ಸಾಲದು ಅಂತ, ಇವತ್ತು ಮೂರನೇ ಪಾಳೀಲಿ ನಾಲ್ಕು ಜನಕ್ಕೆ ಗುದ್ದಿದ್ರು, ಐದು ಗೋಲ್ ಬಂತು. ಅದಕ್ಕೆ ಕ್ಯಾಂಟೀನಿನ ನೊರೀನ್, ಕಿತ್ತಳೆ ಹೋಳಿನ ಬೋಗುಣಿಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಹೂಂ, ನೀನು ಆಡ್ತಿದ್ದಾಗ ಮೈಮೇಲೆ ಬಿದ್ದೂ ಬಿದ್ದೂ ಹಲ್ಲು ಉದುರಿಸ್ಕೊಂಡಿದ್ದು ಬಿಟ್ರೆ ಇನ್ನೇನು ಕಡಿದೆ, ಮೆತ್ತಗಿರೋ ಪೈ ಬೇಕು ಅಂತ ದಿನಾ ಬರ್ತೀಯಲ್ಲ. ಹಲ್ಲು ಹೋಯ್ತು, ಆ ವರ್ಷ ಕಪ್ ಬಂತಲ್ಲಮ್ಮಾ, ಎಂದ ಕ್ಲಾರಿ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ಅರ್ಧ ಕ್ಷಣ ತಡವಾಗಿ, ಯಾವಾಗಲೂ ಅರ್ಧ ಕ್ಷಣ ತಡ. ಆದರೆ ಕ್ಲಾರಿ ಹೇಳಿದ್ದು ಸುಳ್ಳಲ್ಲ, ನನ್ನ ಹಾಳೆಯೇ ಹೇಳುತ್ತಿದೆ, ಮೊದಲೆರಡು ಪಾಳಿ ಸೇರಿ ಹತ್ತೊಂಬತ್ತು ಹಿಡಿತ, ಮೂರನೆಯದೊಂದರಲ್ಲೇ ಇಪ್ಪತ್ತಮೂರು, ಮೈಗೆ ಮೈ ಕೊಟ್ಟಾಗ ಚೆಂಡು ನಮ್ಮ ಕಡೆ ಬಂತು, ಅದು ನಿಜ, ಅದು ತೆಳು ಗೀಟುಗಳಲ್ಲಿದೆ, ಅದು ನನಗೆ ಇಷ್ಟವಿಲ್ಲ ಎಂದ ಮಾತ್ರಕ್ಕೆ ಅಳಿಸುವುದಕ್ಕೆ ಬರುವುದಿಲ್ಲ.

ಈ ಎಣಿಕೆ ನನ್ನ ಪಾಲಿಗೆ ಬಂದದ್ದೇ ತಮಾಷೆ, ಪದವಿ ಮುಗಿಸಿ ಊರಿಗೆ ವಾಪಸಾದ ವಾರ ಕೋಚ್ ಗ್ರೇಮ್ ನಾನು ಕೆಲಸಕ್ಕೆ ಸೇರಿದ ಗ್ರಂಥಾಲಯಕ್ಕೆ ಬಂದಿದ್ದರು, ಓದಿದ ಹುಡುಗಿ ನೀನು, ಎಣಿಸೋಕೆ ಬರುತ್ತಲ್ಲ ಎಂದರು, ನಾನು ಓದಿದ್ದು ಪ್ರಾಚೀನ ಇತಿಹಾಸ ಅಂತ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹಾಳೆ ಹಲಗೆ ಕೈಗೆ ಬಂದಿತ್ತು. ಚೆಂಡು ಹಿಡಿದವನನ್ನು ತಬ್ಬಿ ತಡೆದರೆ, ಕೆಡವದಿದ್ದರೂ ಸರಿ, ಒಂದು ಹಿಡಿತ, ಒಂದು ಗೀಟು, ಅಷ್ಟೇ ಕಣಮ್ಮಾ. ಅಷ್ಟೇ ಅಲ್ಲ, ಗುರುವಾರ ಅಭ್ಯಾಸ ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಹಾಳೆಯನ್ನು ಗೋಡೆಗೆ ಅಂಟಿಸುತ್ತಾರೆ, ಕೋಚ್ ಎದ್ದು ನಿಂತು ಓದುತ್ತಾರೆ, ಎಲ್ಲರಿಗಿಂತ ಕೆಳಗೆ ಇರುವವನು ನೊರೀನಳ ಹಳೆಯ ಗುಲಾಬಿ ಸ್ವೆಟರ್ ಹಾಕಿಕೊಂಡು ಊಟ ಮುಗಿಸಬೇಕು, ಮುತ್ತಿನ ಗುಂಡಿ, ಬಿಗಿ ತೋಳು, ಬೊಬ್ಬೆ, ಮೇಜು ಬಡಿಯುವುದು. ಏಪ್ರಿಲ್‌ನಲ್ಲಿ ಮೂರು ವಾರ ಸಾಲಾಗಿ ಟುಲ್ಲಿ. ಅವನು ಅಂಚಿನಲ್ಲಿ ಓಡುವವನು, ಬಡಕಲು, ಬೇಕರಿಯಲ್ಲಿ ಕೆಲಸ, ಓಡಿದರೆ ಹುಲ್ಲಿಗೆ ಕಾಲು ತಾಗದ ಹಾಗೆ ಓಡುತ್ತಾನೆ, ಅಪ್ಪಿ ಕೆಡವುವುದು ಅವನ ಮೈಯಲ್ಲೇ ಇಲ್ಲ, ಸ್ವೆಟರ್ ಹಾಕಿಕೊಂಡು ಅವನೂ ನಗುತ್ತಿದ್ದ, ಹೆಂಗೆ, ನಂಗೆ ಒಪ್ಪುತ್ತಾ ಎಂದು ಸುತ್ತು ತಿರುಗಿದ್ದ, ಆಮೇಲೆ ನಾನು ತಟ್ಟೆ ಇಡಲು ಹಿಂದಕ್ಕೆ ಹೋದಾಗ ಸಿಂಕಿನ ಮುಂದೆ ಒಬ್ಬನೇ ನಿಂತಿದ್ದ, ಸ್ವೆಟರ್ ಇನ್ನೂ ಮೈಮೇಲೆ, ನಲ್ಲಿ ಸುಮ್ಮನೆ ಹರಿಯುತ್ತಿತ್ತು, ಕೈ ತೊಳೆಯುತ್ತಿರಲಿಲ್ಲ. ನಾಲ್ಕನೆಯ ವಾರ ಒಂದು ಗೀಟು ಹೆಚ್ಚಿಗೆ ಹಾಕಿದೆ. ಒಂದೇ ಒಂದು. ಸ್ವೆಟರ್ ಇನ್ನೊಬ್ಬನಿಗೆ ಹೋಯಿತು. ಆಮೇಲೆ ಎರಡು. ಕರುಣೆ ಎಂದು ಡೈರಿಯಲ್ಲಿ ಬರೆದೆ, ಕರುಣೆಯಲ್ಲ, ಅದು ಬೇರೆ, ಅದಕ್ಕೆ ಹೆಸರು ಬರೆಯುವ ಧೈರ್ಯ ಡೈರಿಯಲ್ಲೂ ಬಂದಿಲ್ಲ.

ಕಳೆದ ಶನಿವಾರ ಅವನ ತಲೆ ಯಾರದೋ ಮಂಡಿಗೆ ಬಡಿಯಿತು, ಸದ್ದು ಬೇಲಿಯವರೆಗೂ ಬಂತು, ಒಣ ಸದ್ದು, ಬಿದ್ದ, ತಾನೇ ಎದ್ದ. ನೀರು, ಬ್ಯಾಂಡೇಜು ಎಲ್ಲ ನೋಡಿಕೊಳ್ಳುವ ಕೀತ್ ಓಡಿಹೋಗಿ ಬೆರಳು ತೋರಿಸಿದ, ಎಷ್ಟಪ್ಪಾ ಇದು, ಮೂರು ಎಂದ ಟುಲ್ಲಿ, ಭೇಷ್, ಆಡು ಹೋಗು. ಕೀತ್ ಯಾವಾಗಲೂ ಮೂರೇ ಬೆರಳು ತೋರಿಸುವುದು, ನಾನು ಶಾಲೆಗೆ ಹೋಗುತ್ತಿದ್ದಾಗಲೂ ಮೂರೇ, ಅದು ತಂಡದಲ್ಲಿ ಎಲ್ಲರಿಗೂ ಗೊತ್ತು, ಕೀತ್‌ಗೆ ಮಾತ್ರ ಗೊತ್ತಿಲ್ಲ, ಅಥವಾ ಅವನಿಗೂ ಗೊತ್ತೋ ಏನೋ, ತಲೆಗೆ ಏಟು ಎಂದು ಬರೆದರೆ ಹುಡುಗ ಮೂರು ವಾರ ಕೂರಬೇಕು, ಮೈದಾನಕ್ಕೆ ಹದಿನೆಂಟು ಬೇಕು, ಇರುವುದೇ ಹತ್ತೊಂಬತ್ತು ಜನ. ಆ ದಿನ ಅವನ ಹಿಡಿತ ಮೂರು. ನಾನು ಐದು ಸೇರಿಸಿದೆ. ಬಿದ್ದವನಿಗೆ ಏನಾದರೂ ಕೊಡಬೇಕು ಅನಿಸಿತ್ತು, ನನ್ನ ಹತ್ತಿರ ಇದ್ದದ್ದು ಪೆನ್ಸಿಲ್. ಸೋಮವಾರ ಗ್ರಂಥಾಲಯದಲ್ಲಿ ಯಾರೂ ಇರಲಿಲ್ಲ, ಸೋಮವಾರ ಯಾರೂ ಇರುವುದಿಲ್ಲ, ಬಾಗಿಲು ತಳ್ಳಿಕೊಂಡು ಅವನು, ಕಾಗದದ ಚೀಲದಲ್ಲಿ ಸಕ್ಕರೆ ಬಳಿದ ಬನ್ನು, ನಿಂಗೆ ಅಂತ ತಂದೆ, ಎಷ್ಟು ಸಲ ಆ ಮಾತನ್ನು ಡೈರಿಯಲ್ಲಿ ಬರೆದಿದ್ದೇನೆ, ನಿಂಗೆ ಅಂತ ತಂದೆ, ಆಮೇಲೆ ಮೇಜಿನ ಅಂಚು ಹಿಡಿದು ನಿಂತು, ಫ್ರಾನಿ, ಶನಿವಾರ ನಾನು ಹೆಂಗೆ ಆಡ್ದೆ. ಯಾಕೆ ಕೇಳ್ತೀಯ ಎಂದೆ. ಕೊನೇ ಎರಡು ಪಾಳಿ ನೆನಪೇ ಬರ್ತಿಲ್ಲ ಕಣೇ, ಒಂದ್ಚೂರೂ ಇಲ್ಲ, ಆಮೇಲೆ ವಾಪಸ್ ಬಸ್ಸಲ್ಲಿ ಕೂತಿದ್ದು ನೆನಪಿದೆ, ನಡುವೆ ಎಲ್ಲ ಬಿಳೀ. ಆಗ ಹೇಳಬಹುದಿತ್ತು. ಆಗ ಹೇಳಿಬಿಡಬಹುದಿತ್ತು, ಇಬ್ಬರೇ ಇದ್ದೆವು, ಆದರೆ ನಾನು ಹಾಳೆ ತೆಗೆದು ತೋರಿಸಿದೆ, ಎಂಟು ಹಿಡಿತ. ಅವನ ಮುಖ ಅರಳಿದ್ದು — ಎಂಟಾ, ನಾನಾ, ಹಂಗಾದ್ರೆ ಚೆನ್ನಾಗೇ ಆಡಿದೀನಿ, ನೆನಪಿಲ್ಲ ಅಷ್ಟೇ. ನನ್ನ ಸುಳ್ಳನ್ನು ತೆಗೆದುಕೊಂಡು ಆ ಬಿಳಿ ಜಾಗಕ್ಕೆ ಹಾಕಿ ಮುಚ್ಚಿಕೊಂಡ, ಅಲ್ಲಿ ಈಗ ನೆನಪಿನ ಹಾಗೆ ಕೂತಿದೆ. ಹೋಗುವಾಗ ಬಾಗಿಲಲ್ಲಿ ನಿಂತು, ಒಂದೊಂದ್ಸಲ ಎರಡೆರಡು ಕಾಣುತ್ತೆ, ಒಂದು ಕಣ್ಣು ಮುಚ್ಚಿದ್ರೆ ಸರಿಹೋಗುತ್ತೆ, ಯಾರಿಗೂ ಹೇಳ್ಬೇಡ ಆಯ್ತಾ. ಆಯ್ತು ಎಂದೆ. ಒಬ್ಬರು ನನಗೆ ಒಂದು ಗುಟ್ಟು ಕೊಟ್ಟರು, ಅದರ ಬಿಸುಪು ಮೂರು ದಿನ ಇತ್ತು ನನ್ನೊಳಗೆ, ನಾಚಿಕೆಯಾಗುತ್ತದೆ ಹೇಳಿಕೊಳ್ಳಲು, ಅವನ ತಲೆ ಒಡೆದದ್ದರಿಂದ ನನಗೆ ಬೆಚ್ಚಗಾಗಿತ್ತು. ಗುರುವಾರ ಕೋಚ್ ಓದಿದರು, ಎಲ್ಲರಿಗಿಂತ ಮೇಲೆ ಟುಲ್ಲಿ, ಎಂಟು, ನೋಡ್ರೋ, ಏಟು ತಿಂದ ಮೇಲೆ ಎಂಟು, ಇದನ್ನೇ ನಾನು ಕೇಳ್ತಿದ್ದಿದ್ದು ನಿಮ್ಮನ್ನ, ಈ ಶನಿವಾರ ಕ್ಯಾಲ್ಪಿನ್‌ನವರ ಇಪ್ಪತ್ತೆರಡನೇ ನಂಬರ್ ಹೋಗನ್ ಇವನ ಪಾಲು, ಮೈದಾನದ ನಡುವೆ ಆಡು ಮಗನೇ. ಎಲ್ಲರೂ ಮೇಜು ಬಡಿದರು. ಅವನು ಎಲ್ಲರ ತಲೆಗಳ ಮೇಲಿನಿಂದ ನನ್ನ ಕಡೆ ನೋಡಿ ನಕ್ಕ, ಒಂದು ಕಣ್ಣು ಮುಚ್ಚಿ, ಕಣ್ಣು ಹೊಡೆದ ಎಂದುಕೊಂಡೆ, ಮನೆಗೆ ನಡೆದು ಹೋಗುವಾಗ ಅರ್ಧ ದಾರಿಯಲ್ಲಿ ಹೊಳೆಯಿತು.

ಉಂಗುರದೊಳಗೆ ಹೇಗೋ ನುಸುಳಿದ್ದೇನೆ, ಮುಲಾಮಿನ ವಾಸನೆ, ಬೆವರು, ಹಬೆಯಾಡುವ ಭುಜಗಳು, ಟುಲ್ಲಿ ಅಲ್ಲಿದ್ದಾನೆ, ಮಂಡಿಯ ಮೇಲೆ ಕೈಯೂರಿ. ಹೋಗನ್ ಅವನ ಎರಡರಷ್ಟಿದ್ದಾನೆ, ಟುಲ್ಲಿ ಇವತ್ತು ಎರಡು ಸಲ ಅಪ್ಪಿದ್ದಾನೆ ಅವನನ್ನು, ಎರಡು ಸಲವೂ ಹೋಗನ್ ಬೇಲಿಯ ಗೂಟವನ್ನು ಕಿತ್ತ ಹಾಗೆ ಕಿತ್ತು ಬಿಸಾಡಿದ, ಅವೇ ಆ ಎರಡು ತೆಳು ಗೀಟು. ಕೋಚ್ ಗ್ರೇಮ್ ಕೂಗುತ್ತಿಲ್ಲ ಇವತ್ತು, ಮೆಲ್ಲಗೆ ಹೇಳುತ್ತಿದ್ದಾರೆ, ಮೆಲ್ಲಗೆ ಹೇಳಿದರೆ ಎಲ್ಲರೂ ಹತ್ತಿರ ಬಾಗುತ್ತಾರೆ, ನಾವು ಒಳ್ಳೆಯವರು ಕಣ್ರೋ, ಹನ್ನೆರಡು ಆಟ ಒಳ್ಳೆಯವರಾಗೇ ಸೋತ್ವಿ, ಎದುರಿಗಿದ್ದೋರು ನಮ್ಮ ಮಕ್ಕಳನ್ನ ಎತ್ತಿ ಒಗೀತಿದ್ರು, ನಾವು ಕೈ ಕೊಟ್ಟು ಎಬ್ಬಿಸ್ತಿದ್ವಿ, ಸಾಕು, ಇನ್ನು ಒಂದು ಪಾಳಿ, ಇಪ್ಪತ್ತು ನಿಮಿಷ, ಚೆಂಡು ಇದ್ರೂ ಸರಿ ಇಲ್ದಿದ್ರೂ ಸರಿ, ನಿಯಮದೊಳಗೆ ಎಷ್ಟು ಗಟ್ಟಿಯಾಗಿ ಹೋಗ್ಬಹುದೋ ಅಷ್ಟು ಗಟ್ಟಿಯಾಗಿ ಹೋಗಿ. ಟುಲ್ಲೀ. ಹೇಳಿ ಕೋಚ್. ಅಂಪೈರ್ ಚೆಂಡು ಪುಟಿಸಿದ ಕೂಡ್ಲೇ ನೀನು ನೆಟ್ಟಗೆ ಹೋಗನ್ ಮೇಲೆ, ಚೆಂಡು ನೋಡ್ಬೇಡ, ಅವನನ್ನ ನೋಡು, ನಿನ್ನಿಂದ ಆಗುತ್ತೆ, ಕಳೆದ ವಾರ ತೋರಿಸಿದ್ದೀಯ. ಆಗುತ್ತೆ ಕೋಚ್, ಎಂದ, ನಂಬಿ ಹೇಳುತ್ತಿದ್ದಾನೆ, ತಾನು ಮಾಡದೇ ಇದ್ದದ್ದನ್ನು ನಂಬಿಕೊಂಡು. ಕ್ಲಾರಿ ಹಿಂದಿನಿಂದ, ಹಾಕು ಮಗನೇ ಅವನಿಗೆ. ಗೆದ್ದರೆ ಇವತ್ತು ಊರು ಕುಣಿಯುತ್ತದೆ, ನಾನು ಈಗ ಹೇಳಿಬಿಟ್ಟರೆ ಟುಲ್ಲಿ ನನ್ನ ಕಡೆ ತಿರುಗಿಯೂ ನೋಡುವುದಿಲ್ಲ, ಬನ್ನು ಇಲ್ಲ, ಸೋಮವಾರ ಬಾಗಿಲು ತಳ್ಳುವ ಸದ್ದು ಇಲ್ಲ, ಗುಟ್ಟು ಒಡೆದವಳು, ಸುಳ್ಳು ಬರೆದವಳು, ಆಮೇಲೆ ಈ ಊರಿನಲ್ಲಿ ಎಷ್ಟಾಯ್ತು ಫ್ರಾನಿ ಎಂದು ಕೇಳುವವರೂ ಇರುವುದಿಲ್ಲ, ಆ ಒಂದು ಮಾತೂ ಹೋಗುತ್ತದೆ, ಆಮೇಲೆ ಹೇಳೋಣ, ಆಟ ಮುಗಿದ ಮೇಲೆ, ಕೀತ್‌ಗೆ ಮೆಲ್ಲಗೆ, ಚೀಟಿ ಬರೆದು, ಇಪ್ಪತ್ತೇ ನಿಮಿಷ, ಅಷ್ಟರಲ್ಲಿ ಏನಾಗುತ್ತದೆ — ನೊರೀನ್ ಬೋಗುಣಿ ಚಾಚಿದ್ದಾಳೆ, ತಗೋ ಕಂದಾ, ಬೇಗ, ಟುಲ್ಲಿ ಕಿತ್ತಳೆ ಹೋಳಿಗೆ ಕೈ ಹಾಕಿದ, ಬೋಗುಣಿಯ ಪಕ್ಕಕ್ಕೆ, ಒಂದು ಗೇಣು ಆಚೆ, ಬರೀ ಗಾಳಿಯಲ್ಲಿ ಬೆರಳು ಮುಚ್ಚಿದವು. ಯಾರೋ ನಕ್ಕರು, ಕಿತ್ತಳೆಗೂ ಗುರಿ ತಪ್ತೀಯಲ್ಲೋ. ಅವನೂ ನಕ್ಕ, ಇನ್ನೊಂದು ಸಲ ಹಾಕಿದ, ಮತ್ತೆ ಅಲ್ಲೇ, ಕಿತ್ತಳೆ ಇಲ್ಲದ ಜಾಗದಲ್ಲಿ, ಬೆರಳುಗಳು ಎಷ್ಟು ಜೋಪಾನವಾಗಿ ಮುಚ್ಚಿಕೊಂಡವು, ಹೋಳು ಸಿಕ್ಕಿದೆ ಎಂಬಂತೆ, ಅಂಪೈರ್ ಸೀಟಿ ಊದುತ್ತಿದ್ದಾನೆ, ಉಂಗುರ ಬಿಚ್ಚಿಕೊಳ್ಳುತ್ತಿದೆ, ಕೋಚ್ ನನ್ನ ಕಡೆ ತಿರುಗಿ, ಎಷ್ಟಾಯ್ತು ಫ್ರಾನಿ, ಟುಲ್ಲೀದು, ಅವನ ಕೈ, ಗಾಳಿ, ಬೆರಳು ಮುಚ್ಚಿದ ಗಾಳಿ, ಆ ಕೈ —

ಅವನಿಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ, ಕೋಚ್. ಕಳೆದ ವಾರದ ಎಂಟರಲ್ಲಿ ಐದು ನಾನೇ ಬರೆದದ್ದು.