ಮೂರನೆಯ ಕೊಟೇಶನ್

ಚಂದ್ರಮೋಹನರು ದಿಲ್ಲಿಯ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಖರೀದಿ ಫೈಲು ನೋಡಿದವರು. ಮೂರು ಅಂಗಡಿಗಳ ಕೊಟೇಶನ್ ಇಲ್ಲದೆ ಗುಂಡುಸೂಜಿಯನ್ನೂ ಕೊಂಡವರಲ್ಲ. ಯಾರಾದರೂ ನಗುನಗುತ್ತಾ ಏನಾದರೂ ಕೊಟ್ಟರೆ, ಇವನ ಫೈಲು ಯಾವ ಟೇಬಲ್ಲಿನಲ್ಲಿ ಸಿಕ್ಕಿಕೊಂಡಿದೆಯೋ ಎಂದೇ ಮೊದಲು ಯೋಚಿಸುವ ಜಾತಿ.

ಘಾಜಿಯಾಬಾದಿನ ಅವರ ಮನೆ ನೆಲಮಹಡಿಯಲ್ಲಿ, ನೀರಿನ ಟ್ಯಾಂಕು ನಾಲ್ಕು ಮಹಡಿ ಮೇಲಿನ ತಾರಸಿಯಲ್ಲಿ. ಅವರು ಏಳಕ್ಕೇ ರೈಲು ಹಿಡಿಯುತ್ತಿದ್ದರಿಂದ, ಮೋಟಾರು ಹಾಕಿ ಟ್ಯಾಂಕು ತುಂಬಿತೇ ಎಂದು ಹತ್ತಿ ನೋಡುವ ಕೆಲಸ ಹೆಂಡತಿ ದೇವಕಿಯದು. ಆಕೆಗೋ ಮಂಡಿನೋವು. ಅದಕ್ಕೆಂದೇ ಚಂದ್ರಮೋಹನರು ಹವ್ಯಾಸಕ್ಕೆ ನೀರಿನ ಮಟ್ಟ ಅಳೆಯುವ ಒಂದು ಸೆನ್ಸರ್ ಜೋಡಿಸಿ, ಮೆಕ್ಯಾನಿಕ್ ಕೈಲಿ ಟ್ಯಾಂಕಿಗೆ ಇಳಿಬಿಡಿಸಿ, ತಂತಿಯನ್ನು ಮನೆಯ ಕಂಪ್ಯೂಟರಿನವರೆಗೆ ತಂದಿದ್ದರು. ತಂತಿ ಹೇಳಿದ್ದನ್ನು ಓದುವ ಪ್ರೋಗ್ರಾಂ ಒಂದು ಬಾಕಿ. ಅದನ್ನು ಯಾವ ಕಂಪ್ಯೂಟರ್ ಭಾಷೆಯಲ್ಲಿ ಬರೆಯಬೇಕು?

ಸಹೋದ್ಯೋಗಿ ಅನಂತರಾಮ ‘ಸಿ’ ಎಂದರು. ಗ್ರೇಟರ್ ನೋಯ್ಡಾದ ಪರಿಚಯದ ಐಟಿ ಹುಡುಗ ಮಹಂತೇಶ್ ಒಂದು ಭಾನುವಾರ ಬಂದು, ತಂತಿ, ಬೋರ್ಡು ಎಲ್ಲ ನೋಡಿಹೋದ; ಅವತ್ತೂ ಟ್ಯಾಂಕು ನೋಡಲು ಹತ್ತಿದ್ದು ದೇವಕಿಯೇ. ಮುಂದಿನ ವಾರ ಒಂದು ಸಿಡಿ ತಂದ.

“ಪೈಥಾನ್ ಸಾಕು ಸರ್. ಪೂರ್ತಿ ಫ್ರೀ. ಇದನ್ನ ಒಂದ್ಸಲ ಹಾಕಿ ನೋಡಿ.”

ಫ್ರೀ! ಚಂದ್ರಮೋಹನರ ಕಿವಿ ನೆಟ್ಟಗಾಯಿತು. ಅಷ್ಟು ದೂರದಿಂದ ಎರಡೆರಡು ಸಲ ಸುಮ್ಮನೆ ಬರುತ್ತಾನೆಯೇ? ಅವನಣ್ಣನ ವರ್ಗಾವಣೆಯೋ, ಮಾವನ ಪಿಂಚಣಿಯೋ, ಏನೋ ಒಂದು ಇದ್ದೇ ಇದೆ. ಸಿಡಿಯನ್ನು ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ ಬೀರುವಿನಲ್ಲಿಟ್ಟರು. ಮೂರನೆಯ ಅಭಿಪ್ರಾಯ ಬಂದಮೇಲೆ ಒಟ್ಟಿಗೆ ತೆರೆಯುವುದು.

ಮೂರನೆಯದು ಬರಲಿಲ್ಲ. ದಸರಾ ಹೋಯಿತು, ದೀಪಾವಳಿ ಹೋಯಿತು.

“ಆ ಹುಡುಗ ಕೊಟ್ಟದ್ದನ್ನೇ ಹಾಕಬಾರದೇನ್ರೀ?” ಎಂದಳು ದೇವಕಿ, ಮಂಡಿ ನೀವಿಕೊಳ್ಳುತ್ತಾ.

“ಆಡಿಟ್‌ನವರು ಕೇಳಿದ್ರೆ?”

“ಮನೆಗೆ ಯಾವ ಆಡಿಟ್ಟು?”

ಜನವರಿಯ ಮಂಜಿನಲ್ಲಿ ಒದ್ದೆ ಮೆಟ್ಟಿಲ ಮೇಲೆ ದೇವಕಿ ಜಾರಿದಳು. ಕಾಲಿಗೆ ಪ್ಲಾಸ್ಟರು ಬಿತ್ತು. ಮರುದಿನ ರಜೆ ಹಾಕಿದ ಚಂದ್ರಮೋಹನರು ಮೋಟಾರು ಹಾಕಿ, ಲಕೋಟೆ ಹರಿದರು.

ಸಿಡಿಯಲ್ಲಿದ್ದದ್ದು ಬರೀ ಭಾಷೆಯಲ್ಲ, ಬರೆದು ಮುಗಿಸಿದ ಪ್ರೋಗ್ರಾಂ. ಪರದೆಯ ಮೇಲೆ ‘ಟ್ಯಾಂಕು ಮುಕ್ಕಾಲು’ ಎಂದು ಬಂತು. ಆಗಲೂ ಅವರಿಗೆ ನಂಬಿಕೆ ಬರಲಿಲ್ಲ. ಮೋಟಾರು ಆರಿಸಿ, ಪರೀಕ್ಷಿಸಲು ಹೊರಟರು. ಎರಡನೆಯ ಮಹಡಿಗೇ ಏದುಸಿರು, ಮೂರನೆಯದರಲ್ಲಿ ಗೋಡೆ ಹಿಡಿದು ನಿಂತರು. ಮೇಲೆ ಮುಚ್ಚಳ ತೆಗೆದರೆ ನೀರು ಸರಿಯಾಗಿ ಮುಕ್ಕಾಲು.

ಇಳಿದು ಬಂದಾಗ ಪರದೆಯ ಕೆಳಗಿನ ಸಣ್ಣ ಸಾಲು ಕಂಡಿತು: ‘ಆಂಟಿ ಅಷ್ಟು ಮೆಟ್ಟಿಲು ಹತ್ತೋದು ನೋಡೋಕಾಗ್ಲಿಲ್ಲ ಸರ್.’ ಕೆಳಗೆ ತಾರೀಕು, ಹೋದ ಆಗಸ್ಟಿನದು.

“ನೀರು ಎಷ್ಟಾಯ್ತು?” ಒಳಕೋಣೆಯಿಂದ ದೇವಕಿ ಕೇಳಿದಳು.

ಉತ್ತರ ಕಣ್ಣೆದುರೇ ಇತ್ತು. ಚಂದ್ರಮೋಹನರಿಗೆ ಹೇಳಲು ನಾಚಿಕೆಯಾಯಿತು.